ವೋಟ್ ಹಾಕಂಗಿಲ್ಲ, ಎಲೆಕ್ಷನ್ನಿಗೆ ನಿಲ್ಲಬಹುದು: ವಾಷಿಂಗ್ಟನ್ನಿನ ಬೆಲ್ವಾ ಲಾಕ್‌ವುಡ್ ಟೂರ್, 5ಕ್ಕೆ ಮೂರೂವರೆ ಸ್ಟಾರ್

ಮೊದ್ಲು ದುಡ್ಡಿನ ಲೆಕ್ಕ ಹೇಳ್ಬಿಡ್ತೀನಿ. ತಲೆಗೆ 48 ಡಾಲರ್, ನಾನು ನಮ್ಮತ್ತೆ ಇಬ್ರಿಗೆ 96, ಆದ್ರೆ ಅವರ ಬುಕಿಂಗ್ ಪೇಜು ಮಧ್ಯದಲ್ಲಿ ತಿರುಗ್ತಾ ನಿಂತು ನಾನು ಇನ್ನೊಂದ್ಸಲ ಒತ್ತಿ ಕಾರ್ಡಿಂದ 192 ಹೋಯ್ತು, ಅದಿನ್ನೂ ವಾಪಸ್ ಬಂದಿಲ್ಲ. ಅದಕ್ಕೇ ಕಂಪನಿ ಹೆಸರು ಇಲ್ಲಿ ಹಾಕ್ತಿಲ್ಲ, ಜಗಳ ನಡೀತಿರುವಾಗ ಹೆಸರು ಹಾಕೋದು ಸರಿಯಲ್ಲ ಅಂತ. ವಾಷಿಂಗ್ಟನ್ ಡಿಸಿಯಲ್ಲಿ ಹೆಂಗಸರ ಹಿಸ್ಟರಿ ಟೂರು ಮಾಡೋರು ಸುಮಾರು ಜನ ಇದಾರೆ, ಇದು ಒಬ್ಬಳೇ ಒಬ್ಬಳ ಮೇಲೆ ಮಾಡಿರೋ ಟೂರ್, ಬೆಲ್ವಾ ಲಾಕ್‌ವುಡ್ ಅಂತ, 1884ರಲ್ಲಿ ಅಮೆರಿಕದ ಪ್ರೆಸಿಡೆಂಟ್ ಎಲೆಕ್ಷನ್ನಿಗೆ ನಿಂತ ಲಾಯರ್ರು. ಹೆಸರು ಕೇಳಿಲ್ವಾ, ನಾನೂ ಕೇಳಿರ್ಲಿಲ್ಲ, ಈ ಊರಿನ ಪಕ್ಕ ವರ್ಜೀನಿಯಾದಲ್ಲಿ ಹನ್ನೊಂದು ವರ್ಷದಿಂದ ಇದೀನಿ ಆದ್ರೂ ಕೇಳಿರ್ಲಿಲ್ಲ.

ಹೋಗಿದ್ದು ಯಾಕೆ ಅಂದ್ರೆ ಅತ್ತೆ ಬಂದು ಮೂರು ತಿಂಗಳಾಗಿತ್ತು, ಲಿಂಕನ್ ಮೆಮೋರಿಯಲ್ ಆಯ್ತು, ವೈಟ್ ಹೌಸ್ ಗೇಟ್ ಹತ್ರ ಫೋಟೋ ಆಯ್ತು, ಏರ್ ಅಂಡ್ ಸ್ಪೇಸ್ ಮ್ಯೂಸಿಯಂನಲ್ಲಿ ಕಾಲುನೋವು ಆಯ್ತು, ಇನ್ನು ಎಲ್ಲಿಗೆ ಕರ್ಕೊಂಡು ಹೋಗೋದು ಅಂತ ಗೊತ್ತಾಗದೆ ಹುಡುಕ್ತಾ ಇದು ಸಿಕ್ತು. ಅತ್ತೆ ತಿಪಟೂರು ಕಡೆಯೋರು. 1987ರಲ್ಲಿ ಕರ್ನಾಟಕದಲ್ಲಿ ಮಂಡಲ ಪಂಚಾಯ್ತಿ ಎಲೆಕ್ಷನ್ ಆದಾಗ ಹೆಂಗಸರಿಗೆ ನೂರಕ್ಕೆ 25 ಸೀಟು ಅಂತ ಇಟ್ಟಿದ್ರಲ್ಲ, ಆಗ ಮಾವ ನಿಲ್ಬೇಕು ಅಂತಿದ್ದ ಜಾಗ ಲೇಡೀಸಿಗೆ ಹೋಗಿ, ಮಾವ ಬದ್ಲು ಅತ್ತೇನ ನಿಲ್ಸಿ, ಹನ್ನೊಂದು ವೋಟಲ್ಲಿ ಗೆದ್ದು ಒಂದು ಅವಧಿ ಮೆಂಬರ್ ಆಗಿದ್ರು. ಮೊದಲ ಎರಡು ಮೀಟಿಂಗಿಗೆ ಮಾವನೇ ಹೋಗಿ ಕೂತಿದ್ರಂತೆ, ಮೂರನೇದಕ್ಕೆ ಅವರಿಗೆ ಜ್ವರ ಬಂದು ಅತ್ತೆ ಹೋದ್ರಂತೆ, ಆಮೇಲೆ ಮಾವನ ಜ್ವರ ವಾಸಿ ಆದ್ರೂ ಅತ್ತೆ ಬಿಡ್ಲಿಲ್ವಂತೆ. ಈ ಕಥೆ ನಮ್ಮನೇಲಿ ಹಬ್ಬ ಹಬ್ಬಕ್ಕೂ ಬರತ್ತೆ. ಇದನ್ನ ಇಲ್ಲಿ ಯಾಕೆ ಹೇಳ್ದೆ ಅಂದ್ರೆ ಟೂರಲ್ಲಿ ಒಳ್ಳೆ ಪ್ರಶ್ನೆ ಎಲ್ಲಾ ಕೇಳಿದ್ದು ಅವರೇ.

ಶುರು ಆಗೋದು ಗ್ಯಾಲರಿ ಪ್ಲೇಸ್ ಮೆಟ್ರೋ ಸ್ಟೇಷನ್ ಹತ್ರ, ಎಫ್ ಸ್ಟ್ರೀಟಲ್ಲಿ. ಲಾಕ್‌ವುಡ್ ಮನೆ ಇದ್ದದ್ದು 619 ಎಫ್ ಸ್ಟ್ರೀಟ್, ಈಗ ಆ ಬ್ಲಾಕಲ್ಲಿ ದೊಡ್ಡ ಸ್ಪೋರ್ಟ್ಸ್ ಅರೀನಾ ಇದೆ, ಮನೆ ಗಿನೆ ಏನೂ ಇಲ್ಲ, ಬ್ಯಾಸ್ಕೆಟ್‌ಬಾಲ್ ಜೆರ್ಸಿ ಹಾಕ್ಕೊಂಡ ಹುಡುಗರ ಮಧ್ಯೆ ನಿಂತ್ಕೊಂಡು ಗೈಡು ಒಂದು ಪ್ಲಾಸ್ಟಿಕ್ ಹಾಕ್ಸಿದ ಫೋಟೋ ಎತ್ತಿ ತೋರಿಸ್ತಾಳೆ. ಫೋಟೋದಲ್ಲಿ ಟ್ರೈಸಿಕಲ್. ಹೌದು, ಮೂರು ಚಕ್ರದ್ದು, ದೊಡ್ಡೋರು ಓಡಿಸೋದು. 1880ರ ದಶಕದ ಶುರುವಲ್ಲಿ, ಐವತ್ತು ದಾಟಿದ ಹೆಂಗಸು, ಉದ್ದ ಸ್ಕರ್ಟ್ ಹಾಕ್ಕೊಂಡು ಫೈಲುಗಳನ್ನ ಇಟ್ಕೊಂಡು ಕೋರ್ಟಿಗೆ ಟ್ರೈಸಿಕಲ್ ತುಳ್ಕೊಂಡು ಹೋಗ್ತಿದ್ಲು. ಗಂಡಸು ಲಾಯರುಗಳು ಸೈಕಲ್ ತುಳೀತಿದ್ರು, ಇವಳಿಗೆ ಟೈಮ್ ಉಳೀಬೇಕಿತ್ತು, ಅಷ್ಟೇ. ಗೈಡು ಇದರ ಮೇಲೆ ಹತ್ತು ನಿಮಿಷ ಕಾಮಿಡಿ ಮಾಡಿದ್ಲು. ನಮ್ಮ ಗುಂಪಲ್ಲಿದ್ದ ಹದಿನಾಲ್ಕು ಜನರಲ್ಲಿ ಹನ್ನೆರಡು ಜನ ನಕ್ರು. ಅತ್ತೆ ಕೇಳಿದ್ದು, ಏನ್ ಕೇಸ್ ನಡೆಸ್ತಿದ್ಲು ಅಂತ ಹೇಳ್ಲೇ ಇಲ್ವಲ್ಲ ಕಣೇ ಇವಳು.

ಇದೇ ನನ್ನ ದೊಡ್ಡ ಕಂಪ್ಲೇಂಟ್. ಟೂರ್ ಪೂರ್ತಿ ಲಾಕ್‌ವುಡ್‌ನ ಒಂದು ವಿಚಿತ್ರ ಅಜ್ಜಿ ಥರ ತೋರಿಸ್ತಾರೆ. ಆದ್ರೆ ಅವಳು ಕಸುಬುದಾರ ಲಾಯರ್ರು, ಫೀಸ್ ತಗೊಂಡು ಬದುಕಿದೋಳು, ಯುದ್ಧಕ್ಕೆ ಹೋಗಿ ಬಂದ ಸೈನಿಕರ ಪೆನ್ಷನ್ ಕ್ಲೇಮು, ಡೈವೋರ್ಸು, ಕ್ರಿಮಿನಲ್ ಕೇಸು ಎಲ್ಲ ನಡೆಸಿದೋಳು. ಅವಳ ತಲೆ ಓಡ್ತಿದ್ದದ್ದೇ ಲಾಯರ್ ಥರ. ಕಾನೂನಲ್ಲಿ ಏನು ಬರೆದಿದೆ, ಏನು ಬರೆದಿಲ್ಲ, ಬರೀದೇ ಇರೋ ಕಡೆ ಬಾಗಿಲು ತೆರೆದಿದೆಯಾ. ಪ್ರೆಸಿಡೆಂಟ್ ಎಲೆಕ್ಷನ್ನಿಗೆ ನಿಂತದ್ದೂ ಹಂಗೇ. ಇದನ್ನ ಬಿಟ್ಟು ಟ್ರೈಸಿಕಲ್ ಹಿಡ್ಕೊಂಡ್ರೆ ಹೆಂಗೆ?

ಸರಿ ಕಥೆ ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ತೀನಿ. 1830ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಯಲ್‌ಟನ್ ಅನ್ನೋ ಹಳ್ಳೀಲಿ ರೈತರ ಮನೇಲಿ ಹುಟ್ಟಿದೋಳು, ಹದಿಹರೆಯದಲ್ಲೇ ಹಳ್ಳಿ ಸ್ಕೂಲಲ್ಲಿ ಟೀಚರ್ ಆಗಿ ಸೇರಿದಾಗ ಅದೇ ಕೆಲಸಕ್ಕೆ ಗಂಡಸು ಮೇಷ್ಟ್ರಿಗೆ ಕೊಡೋದ್ರಲ್ಲಿ ಅರ್ಧ ಸಂಬಳ ಕೊಟ್ರು, ಅದು ತಲೇಲಿ ಕೂತುಬಿಡ್ತು. ಮದುವೆ ಆಯ್ತು, ಒಂದು ಹೆಣ್ಣುಮಗು, 1853ರಲ್ಲಿ ಗಂಡ ತೀರ್ಕೊಂಡ. ಆಮೇಲೆ ಮಗೂನ ಅಪ್ಪ ಅಮ್ಮನ ಹತ್ರ ಬಿಟ್ಟು ಕಾಲೇಜಿಗೆ ಹೋಗಿ 1857ರಲ್ಲಿ ಡಿಗ್ರಿ ಮುಗಿಸಿದ್ಲು. 1866ರಲ್ಲಿ ವಾಷಿಂಗ್ಟನ್ನಿಗೆ ಬಂದು, ಲಾ ಓದ್ತೀನಿ ಅಂತ ಒಂದು ಕಾಲೇಜಿಗೆ ಅರ್ಜಿ ಹಾಕಿದ್ರೆ, ನೀವು ಕ್ಲಾಸಲ್ಲಿ ಕೂತ್ರೆ ಹುಡುಗರ ಗಮನ ಹಾಳಾಗತ್ತೆ ಅಂತ ವಾಪಸ್ ಕಳ್ಸಿದ್ರು. ಅವಳಿಗಾಗ ನಲವತ್ತರ ಹತ್ರ ವಯಸ್ಸು! ಅತ್ತೆ ಇದನ್ನ ಕೇಳಿ ಜೋರಾಗಿ ನಕ್ಕಿದ್ದು, ಇಡೀ ಟೂರಲ್ಲಿ ಒಂದೇ ಸಲ.

ಆಮೇಲೆ ನ್ಯಾಷನಲ್ ಯೂನಿವರ್ಸಿಟಿ ಲಾ ಸ್ಕೂಲ್ ಅನ್ನೋ ಹೊಸ ಕಾಲೇಜು ಸೇರಿಸ್ಕೊಂಡ್ತು, ಓದಿ ಮುಗಿಸಿದ್ಲು, ಆದ್ರೆ ಡಿಪ್ಲೊಮಾ ಕೊಡಲ್ಲ ಅಂದ್ರು, ಹೆಂಗಸರ ಜೊತೆ ಡಿಗ್ರಿ ತಗೊಳ್ಳೋಕೆ ಗಂಡು ಹುಡುಗರಿಗೆ ಮರ್ಯಾದೆ ಪ್ರಶ್ನೆ. ಆ ಕಾಲೇಜಿಗೆ ಹೆಸರಿಗೆ ಮಾತ್ರ ಅಧ್ಯಕ್ಷ ಯಾರಪ್ಪಾ ಅಂದ್ರೆ ದೇಶದ ಪ್ರೆಸಿಡೆಂಟು, ಯುಲಿಸಿಸ್ ಗ್ರಾಂಟ್. 1873ರ ಸೆಪ್ಟೆಂಬರಲ್ಲಿ ಇವಳು ಗ್ರಾಂಟಿಗೇ ಕಾಗದ ಬರೆದ್ಲು. ಅದರ ಸಾರಾಂಶ ಇಷ್ಟು: ನೀವು ಈ ಕಾಲೇಜಿನ ಅಧ್ಯಕ್ಷರೋ ಅಲ್ವೋ, ಹೌದು ಅನ್ನೋದಾದ್ರೆ ನನ್ನ ಡಿಪ್ಲೊಮಾ ಕೊಡ್ಸಿ, ಅಲ್ಲ ಅನ್ನೋದಾದ್ರೆ ಅವರ ಕಾಗದಗಳ ಮೇಲಿಂದ ನಿಮ್ಮ ಹೆಸರು ತೆಗೆಸಿ. ದಯವಿಟ್ಟು ಗಿಯವಿಟ್ಟು ಏನೂ ಇಲ್ಲ. ಆ ತಿಂಗಳಲ್ಲೇ ಡಿಪ್ಲೊಮಾ ಬಂತು. ಈ ಭಾಗವನ್ನ ಗೈಡು ಚೆನ್ನಾಗಿ ಓದಿದ್ಲು, ಅದಕ್ಕೆ ಪೂರ್ತಿ ಮಾರ್ಕ್ಸ್, ನಾನು ಮನೆಗೆ ಬಂದು ರಿಫಂಡಿಗೆ ಮೇಲ್ ಬರೀವಾಗ ಇದೇ ಧಾಟೀಲಿ ಬರೆದೆ. ಫಲ ಬೇರೆ ಆಯ್ತು ಬಿಡಿ.

ಅಲ್ಲಿಂದ ವ್ಯಾನು. ವ್ಯಾನು ನೀಟಾಗಿತ್ತು, ಏಸಿ ಇತ್ತು, ಆದ್ರೆ ಹತ್ತೋ ಮೆಟ್ಟಿಲು ಎತ್ತರ, ಮಂಡಿನೋವಿರೋ ಎಪ್ಪತ್ತರ ಆಸುಪಾಸಿನೋರನ್ನ ಕರ್ಕೊಂಡು ಹೋಗೋರು ಒಂದು ಪುಟ್ಟ ಸ್ಟೂಲ್ ಕೇಳಿ ಇಟ್ಕೊಳ್ಳಿ, ಡ್ರೈವರ್ ಹತ್ರ ಇದೆ, ಕೇಳ್ದೆ ಇದ್ರೆ ಕೊಡಲ್ಲ.

ಎರಡನೇ ಸ್ಟಾಪು ಸುಪ್ರೀಂ ಕೋರ್ಟ್ ಎದುರು, ಮತ್ತೆ ಇಲ್ಲಿ ಗೈಡು ಒಂದು ಎಡವಟ್ಟು ಮಾಡಿದ್ಲು. ಆ ಬಿಳಿ ಕಂಬಗಳನ್ನ ತೋರಿಸ್ಕೊಂಡು, 1879ರಲ್ಲಿ ಇದೇ ಮೆಟ್ಟಿಲು ಹತ್ತಿ ಲಾಕ್‌ವುಡ್ ಈ ಕೋರ್ಟಿನ ಲಾಯರಾಗಿ ಪ್ರಮಾಣ ಮಾಡಿದ್ಲು ಅಂತ. ಅಲ್ಲ ಸ್ವಾಮಿ, ಈ ಬಿಲ್ಡಿಂಗ್ ಓಪನ್ ಆಗಿದ್ದೇ 1935ರಲ್ಲಿ. ಅದಕ್ಕೆ ಮುಂಚೆ ಕೋರ್ಟು ಕೂರ್ತಿದ್ದದ್ದು ರಸ್ತೆ ಆಚೆ ಕ್ಯಾಪಿಟಲ್, ಅಂದ್ರೆ ಇಲ್ಲಿನ ಪಾರ್ಲಿಮೆಂಟ್ ಬಿಲ್ಡಿಂಗ್ ಒಳಗೆ, ಹಳೇ ಸೆನೆಟ್ ಚೇಂಬರಲ್ಲಿ. ತಿರುಗಿ ನಿಂತ್ರೆ ಕಾಣತ್ತೆ, ಬೆರಳು ಆ ಕಡೆ ತೋರ್ಸಿದ್ರೆ ಸಾಕಾಗಿತ್ತು. 48 ಡಾಲರ್ ತಗೊಳ್ಳೋ ಟೂರಲ್ಲಿ ಇಂಥ ತಪ್ಪು ಇರಬಾರ್ದು, ಇದಕ್ಕೇ ಒಂದು ಸ್ಟಾರ್ ಕಟ್. ಟೂರ್ ಮುಗಿದ ಮೇಲೆ ಮೆಲ್ಲಗೆ ಹೇಳ್ದೆ, ಥ್ಯಾಂಕ್ಸ್ ಹೇಳಿ ಬರ್ಕೊಂಡ್ಲು, ಅದು ಅವಳ ಒಳ್ಳೇತನ.

ಆದ್ರೆ ಕಥೆ ಇರೋದೇ ಇಲ್ಲಿ. 1874ರಲ್ಲಿ ಕೋರ್ಟ್ ಆಫ್ ಕ್ಲೇಮ್ಸ್ ಅನ್ನೋ, ಸರ್ಕಾರದ ಮೇಲಿನ ಕ್ಲೇಮು ಕೇಳೋ ಕೋರ್ಟಿಗೆ ವಾದ ಮಾಡೋಕೆ ಹೋದ್ರೆ ಜಡ್ಜು ಹೇಳಿದ್ದು, ನೀವು ಹೆಂಗಸು ಅಂತ. ಅಷ್ಟೇ ವಾಕ್ಯ. ಇವಳು ಆ ಆರೋಪ ಒಪ್ಕೊಂಡೆ ಅಂತ ಆಮೇಲೆ ತಮಾಷೆ ಮಾಡ್ತಿದ್ಲು. ಅಷ್ಟೊತ್ತಿಗೆ ಇವಳು ಎರಡನೇ ಮದುವೆ ಆಗಿದ್ಲು, ಅದಕ್ಕೆ ಕೋರ್ಟಿನೋರ ಇನ್ನೊಂದು ವಾದ, ಮದುವೆಯಾದ ಹೆಂಗಸು ಸ್ವಂತವಾಗಿ ಕರಾರು ಮಾಡ್ಕೊಳ್ಳೋ ಹಂಗಿಲ್ಲ, ಗಂಡನ ನೆರಳಲ್ಲೇ ಇರ್ಬೇಕು ಅನ್ನೋದು ಹಳೇ ಇಂಗ್ಲಿಷ್ ಕಾನೂನು, ಹಂಗಿದ್ಮೇಲೆ ಕಕ್ಷಿದಾರನ ಜೊತೆ ಹೆಂಗೆ ವ್ಯವಹಾರ ಮಾಡ್ತಾಳೆ ಅಂತ. 1876ರಲ್ಲಿ ಅಲ್ಲಿ ವಾದ ಮಾಡೋಕೆ ಸೇರಿಸ್ಕೊಳ್ಳಿ ಅಂತ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ಲು, ಇಲ್ಲಿವರ್ಗೂ ಗಂಡಸರನ್ನೇ ಸೇರಿಸ್ಕೊಂಡಿದೀವಿ, ಕಾನೂನು ಬದಲಾಗೋವರ್ಗೂ ಅದೇ ಪದ್ಧತಿ ಅಂದ್ರು. ಬೇರೆಯೋರಾಗಿದ್ರೆ ಅಳ್ತಾ ಕೂರ್ತಿದ್ರೋ ಭಾಷಣ ಮಾಡ್ತಿದ್ರೋ, ಇವಳು ಓಹೋ ಕಾನೂನು ಬದಲಾದ್ರೆ ಸಾಕಾ ಅಂತ ಕಾಂಗ್ರೆಸ್, ಅಂದ್ರೆ ಅಮೆರಿಕದ ಪಾರ್ಲಿಮೆಂಟ್ ಮೆಂಬರುಗಳ ಬೆನ್ನು ಬಿದ್ದು, ಮೂರು ವರ್ಷ ಓಡಾಡಿ, 1879ರ ಫೆಬ್ರವರಿಲಿ ಕಾನೂನೇ ಪಾಸ್ ಮಾಡಿಸಿದ್ಲು. ಮಾರ್ಚ್ 3ಕ್ಕೆ ಒಳಗೆ ಹೋದ್ಲು, ಸುಪ್ರೀಂ ಕೋರ್ಟಲ್ಲಿ ವಾದ ಮಾಡೋ ಲಾಯರುಗಳ ಪಟ್ಟಿಗೆ ಸೇರಿದ ಮೊದಲ ಹೆಂಗಸು. ಮಾರನೇ ವರ್ಷ ಅಲ್ಲಿ ವಾದ ಮಾಡಿದ ಮೊದಲ ಹೆಂಗಸೂ ಅವಳೇ. ಬಾಗಿಲು ತೆಗೆದ ಮೇಲೆ ಒಬ್ಬಳೇ ಒಳಗೆ ಹೋಗಿ ಕೂರ್ಲಿಲ್ಲ, ಸ್ಯಾಮ್ಯುಯೆಲ್ ಲೌರಿ ಅನ್ನೋ ಕಪ್ಪು ಜನಾಂಗದ ಲಾಯರನ್ನ ಅದೇ ಕೋರ್ಟಿಗೆ ಸೇರಿಸ್ಕೊಳ್ಳಿ ಅಂತ 1880ರಲ್ಲಿ ಎದ್ದು ನಿಂತು ಕೇಳಿದೋಳು ಇವಳೇ. ಇದನ್ನ ಗೈಡು ಹೇಳ್ಲಿಲ್ಲ, ನಾನು ರಾತ್ರಿ ಮನೇಲಿ ಓದಿದ್ದು.

ಇನ್ನು ಪ್ರೆಸಿಡೆಂಟ್ ಎಲೆಕ್ಷನ್. 1884. ದೇಶದ ಹೆಚ್ಚಿನ ಕಡೆ ಹೆಂಗಸರಿಗೆ ವೋಟಿಲ್ಲ. ಹೆಂಗಸರ ವೋಟಿನ ಚಳವಳಿಯ ಹೆಸರಾಂತ ನಾಯಕಿಯರು, ಸೂಸನ್ ಆಂಥನಿ, ಎಲಿಜಬೆತ್ ಸ್ಟಾಂಟನ್, ರಿಪಬ್ಲಿಕನ್ ಪಾರ್ಟಿ ಕ್ಯಾಂಡಿಡೇಟ್ ಬ್ಲೇನ್‌ಗೆ ಸಪೋರ್ಟ್ ಮಾಡಿ ಅಂತಿದ್ರು, ಬ್ಲೇನ್ ಇವರಿಗೆ ಏನೂ ಕೊಡ್ತೀನಿ ಅಂದಿರ್ಲಿಲ್ಲ, ಸುಮ್ನೆ ಆಸೆ. ಲಾಕ್‌ವುಡ್‌ಗೆ ಉರಿದುಹೋಯ್ತು. ಕ್ಯಾಲಿಫೋರ್ನಿಯಾದಲ್ಲಿ ಮರಿಯೆಟ್ಟಾ ಸ್ಟೋ ಅನ್ನೋಳು ಹೆಂಗಸರ ಪತ್ರಿಕೆ ನಡೆಸ್ತಿದ್ಲು, ಅವಳಿಗೆ ಕಾಗದ ಬರೆದು, ದೊಡ್ಡ ಹುದ್ದೆಗೆ ಹೆಂಗಸರನ್ನೇ ಯಾಕೆ ನಿಲ್ಲಿಸಬಾರ್ದು, ವಿಕ್ಟೋರಿಯಾ ಇಂಡಿಯಾದ ಚಕ್ರವರ್ತಿನಿ ಅಲ್ವಾ ಅಂತ ಕೇಳಿದ್ಲು. ನೋಡಿ, ಇಂಡಿಯಾ ಬಂತು! ನಾನು ಖುಷಿಯಿಂದ ಅತ್ತೆಗೆ ಕನ್ನಡದಲ್ಲಿ ಹೇಳ್ದೆ. ಅತ್ತೆ ಮುಖ ಗಂಟಿಕ್ಕಿದ್ರು. ನಮ್ಮ ತಲೆ ಮೇಲೆ ಕೂತಿದ್ದೋಳ ಉದಾಹರಣೇನೇ ಬೇಕಿತ್ತಾ ಇವಳಿಗೆ, ಅವಳನ್ನ ಯಾರು ವೋಟ್ ಹಾಕಿ ಕೂರ್ಸಿದ್ರು ಅಂದ್ರು. ನನಗೆ ಉತ್ತರ ಇರ್ಲಿಲ್ಲ. ಸರಿಯಾದ ಮಾತೇ.

ಆ ಕಾಗದ ಓದಿದ ಸ್ಟೋ ಮತ್ತವಳ ಸಣ್ಣ ಗುಂಪು, ಈಕ್ವಲ್ ರೈಟ್ಸ್ ಪಾರ್ಟಿ ಅಂತ ಹೆಸರಿಟ್ಕೊಂಡಿದ್ದೋರು, ಸರಿ ನೀವೇ ನಿಲ್ಲಿ ಅಂತ ಇವಳನ್ನೇ ಪ್ರೆಸಿಡೆಂಟ್ ಕ್ಯಾಂಡಿಡೇಟ್ ಮಾಡಿಬಿಟ್ರು, ಸ್ಟೋ ವೈಸ್ ಪ್ರೆಸಿಡೆಂಟಿಗೆ. ಇಲ್ಲೇ ಬರೋದು ಅವಳ ಫೇಮಸ್ ಮಾತು: ನಾನು ವೋಟ್ ಹಾಕೋ ಹಂಗಿಲ್ಲ, ಆದ್ರೆ ನನಗೆ ವೋಟ್ ಹಾಕಬಹುದು. ಅಮೆರಿಕದ ಸಂವಿಧಾನ ತೆಗೆದು ನೋಡಿ, ಪ್ರೆಸಿಡೆಂಟ್ ಆಗೋಕೆ ಹುಟ್ಟಿನಿಂದಲೇ ಇಲ್ಲಿನ ಪ್ರಜೆ ಆಗಿರ್ಬೇಕು, 35 ವರ್ಷ ಆಗಿರ್ಬೇಕು, 14 ವರ್ಷ ಇಲ್ಲಿ ವಾಸ ಇರ್ಬೇಕು. ಗಂಡಸಾಗಿರ್ಬೇಕು ಅಂತ ಎಲ್ಲೂ ಇಲ್ಲ. ಮುಂದೆ ಅವನು ಅವನು ಅಂತ ಬರೀತಾ ಹೋಗಿದಾರೆ ಅನ್ನೋದು ಬೇರೆ ಮಾತು, ಆದ್ರೆ ಅರ್ಹತೆ ಪಟ್ಟೀಲಿ ಇಲ್ಲ. ಬರೆದಿಲ್ಲ ಅಂದ್ಮೇಲೆ ತಡೆಯಿಲ್ಲ. ಸೂಸನ್ ಆಂಥನಿ 1872ರಲ್ಲಿ ಹೋಗಿ ವೋಟ್ ಹಾಕಿ ಅರೆಸ್ಟ್ ಆಗಿ 100 ಡಾಲರ್ ದಂಡ ಹಾಕ್ಸಿಕೊಂಡ್ಲು, ಲಾಕ್‌ವುಡ್ ಯಾರೂ ಅರೆಸ್ಟ್ ಮಾಡೋಕಾಗದ ದಾರಿ ಹಿಡಿದ್ಲು. ನನಗೆ ಇಬ್ಬರಲ್ಲಿ ಲಾಕ್‌ವುಡ್ಡೇ ಇಷ್ಟ.

ನಮ್ಮ ಕಡೆ ಇದು ಉಲ್ಟಾ ಆಗಿತ್ತು ಅಂತ ಅಲ್ಲೇ ನೆನಪಾಯ್ತು. ಮದ್ರಾಸ್ ಪ್ರಾಂತ್ಯದಲ್ಲಿ, ಅಂದ್ರೆ ಆಗ ಮಂಗಳೂರೂ ಅದ್ರೊಳಗೇ ಇತ್ತು, 1921ರಲ್ಲಿ ಆಸ್ತಿ ಗೀಸ್ತಿ ಇರೋ ಹೆಂಗಸರಿಗೆ ವೋಟ್ ಕೊಟ್ರು, ಆದ್ರೆ ನಿಲ್ಲೋ ಹಕ್ಕು ಬಂದಿದ್ದು 1926ಕ್ಕೆ. ಬಂದ ತಕ್ಷಣ ಮಂಗಳೂರಿಂದ ನಿಂತೋರು ಕಮಲಾದೇವಿ ಚಟ್ಟೋಪಾಧ್ಯಾಯ, ಸ್ವಲ್ಪದ್ರಲ್ಲಿ ಸೋತ್ರು. ಅಂದ್ರೆ ಅಲ್ಲಿ ವೋಟ್ ಹಾಕಮ್ಮಾ ನಿಲ್ಬೇಡ, ಇಲ್ಲಿ ನಿಲ್ಲು ತಾಯಿ ವೋಟ್ ಹಾಕ್ಬೇಡ. ಇದನ್ನ ಅತ್ತೆಗೆ ಹೇಳಿದ್ದಕ್ಕೆ, ನನಗೆ ಎರಡೂ ಇತ್ತು, ಮೀಟಿಂಗಿಗೆ ಹೋಗೋಕೆ ಮಾತ್ರ ನಿಮ್ಮ ಮಾವನಿಗೆ ಜ್ವರ ಬರ್ಬೇಕಿತ್ತು ಅಂದ್ರು.

ಟೂರಿನ ಬೆಸ್ಟ್ ಮೊಮೆಂಟ್ ಪಾರ್ಕಿಂಗಲ್ಲಿ ಬಂತು. ನಿಜವಾಗ್ಲೂ. ಗೈಡು ಅಲ್ಲಿ ನಿಂತಿದ್ದ ಒಂದು ಕಾರಿನ ನಂಬರ್ ಪ್ಲೇಟ್ ತೋರಿಸಿದ್ಲು. ಡಿಸಿ ಕಾರುಗಳ ಪ್ಲೇಟಲ್ಲಿ 2000ನೇ ಇಸವಿಯಿಂದ ಒಂದು ಘೋಷಣೆ ಇರತ್ತೆ, ತೆರಿಗೆ ಉಂಟು ಪ್ರತಿನಿಧಿ ಇಲ್ಲ ಅನ್ನೋ ಅರ್ಥದ್ದು, ನಾನು ಹನ್ನೊಂದು ವರ್ಷದಿಂದ ಟ್ರಾಫಿಕ್ಕಲ್ಲಿ ಅದರ ಹಿಂದೆ ನಿಂತಿದೀನಿ, ತಲೆಗೆ ಹೋಗಿರ್ಲಿಲ್ಲ. ವಾಷಿಂಗ್ಟನ್ ಡಿಸಿ ರಾಜ್ಯ ಅಲ್ಲ, ಅದಕ್ಕೆ ಅಲ್ಲಿನ ಜನಕ್ಕೆ ಪ್ರೆಸಿಡೆಂಟ್ ಎಲೆಕ್ಷನ್ನಲ್ಲಿ ವೋಟ್ ಹಾಕೋ ಹಕ್ಕು ಬಂದಿದ್ದೇ 1961ರ ತಿದ್ದುಪಡಿ ಆದ್ಮೇಲೆ, ಮೊದಲು ಹಾಕಿದ್ದು 1964ರಲ್ಲಿ. ಈಗ್ಲೂ ಕಾಂಗ್ರೆಸ್ಸಲ್ಲಿ ವೋಟ್ ಮಾಡೋ ಪ್ರತಿನಿಧಿ ಅವರಿಗಿಲ್ಲ. ಅಂದ್ರೆ 1884ರಲ್ಲಿ ಲಾಕ್‌ವುಡ್ ಗಂಡಸಾಗಿದ್ರೂ, ಡಿಸಿಯಲ್ಲಿ ಮನೆ ಇದ್ದದ್ದಕ್ಕೆ, ಪ್ರೆಸಿಡೆಂಟಿಗೆ ವೋಟ್ ಹಾಕೋಕೆ ಆಗ್ತಿರ್ಲಿಲ್ಲ! ಅವಳನ್ನ ನೋಡಿ ನಗ್ತಿದ್ದ ಅಕ್ಕಪಕ್ಕದ ಮನೆ ಗಂಡಸರಿಗೂ ಇರ್ಲಿಲ್ಲ. ನಾನು ಬಾಯಿ ಬಿಟ್ಕೊಂಡು ನಿಂತೆ. ಆ ಒಂದು ನಿಮಿಷಕ್ಕೆ 48 ಡಾಲರ್ ಕೊಡಬಹುದು, 96 ಬೇಡ.

ಆಮೇಲೆ ಪ್ರಚಾರದ ಕಥೆ. ದುಡ್ಡಿಲ್ಲದ ಪಾರ್ಟಿ, ಊರೂರಿಗೆ ಹೋಗಿ ಟಿಕೆಟ್ ಇಟ್ಟು ಲೆಕ್ಚರ್ ಕೊಡೋದು, ಬಂದ ದುಡ್ಡಲ್ಲೇ ರೈಲು ಖರ್ಚು. ಪ್ರಣಾಳಿಕೇಲಿ ಬಣ್ಣ ಲಿಂಗ ನೋಡದೆ ಎಲ್ಲರಿಗೂ ಸಮಾನ ಹಕ್ಕು, ಮದುವೆ ಡೈವೋರ್ಸ್ ಕಾನೂನು ಎಲ್ಲಾ ರಾಜ್ಯದಲ್ಲೂ ಒಂದೇ ಥರ, ಮೂಲನಿವಾಸಿಗಳಿಗೆ ಪೌರತ್ವ, ಸುಪ್ರೀಂ ಕೋರ್ಟಲ್ಲಿ ಜಾಗ ಖಾಲಿ ಆದ್ರೆ ಯೋಗ್ಯ ಹೆಂಗಸಿನ ಹೆಸರು. ಆ ಕೊನೇದು ಆಗೋಕೆ 1981 ಬೇಕಾಯ್ತು, ಸಾಂಡ್ರಾ ಡೇ ಓ'ಕಾನರ್. ಅಮೆರಿಕದ ಕೆಲವು ಊರಲ್ಲಿ ಗಂಡಸರು ಮದರ್ ಹಬ್ಬರ್ಡ್ ಅಂತ ಕರೆಯೋ ದೊಗಲೆ ಗೌನು, ಬಾನೆಟ್ ಟೋಪಿ ಹಾಕ್ಕೊಂಡು ಇವಳನ್ನ ಅಣಕಿಸ್ತಾ ಮೆರವಣಿಗೆ ಮಾಡಿದ್ರು, ಪೇಪರುಗಳು ಕಾರ್ಟೂನ್ ಹಾಕಿದ್ವು. ಗೈಡು ಇದನ್ನ ನಗುವಿಗೆ ಬಳಸಿಕೊಂಡ್ಲು, ನನಗೆ ಇಷ್ಟ ಆಗ್ಲಿಲ್ಲ. ಚಳವಳಿಯ ಹೆಂಗಸರಲ್ಲೇ ಸುಮಾರು ಜನ, ಇವಳಿಂದ ನಮ್ಮ ಮಾನ ಹೋಯ್ತು ಅಂದ್ಕೊಂಡಿದ್ರು ಅನ್ನೋದು ಆ ಮೆರವಣಿಗೆಗಿಂತ ಚುಚ್ಚೋ ವಿಷಯ, ಅದನ್ನ ಒಂದು ವಾಕ್ಯದಲ್ಲಿ ಮುಗಿಸಿದ್ಲು.

ಎಷ್ಟು ವೋಟ್ ಬಂತು ಅಂತ ಗುಂಪಲ್ಲಿ ಯಾರೋ ಕೇಳಿದ್ರು. ನಾಲ್ಕು ಸಾವಿರದ ಚಿಲ್ಲರೆ ಅಂತ ಗೈಡು ಹೇಳಿದ್ಲು, ಎಲ್ರೂ ಅಯ್ಯೋ ಪಾಪ ಅನ್ನೋ ಮುಖ ಮಾಡಿದ್ರು. ಅತ್ತೆ ಮಾತ್ರ ನನ್ನ ಕೈ ಜಗ್ಗಿ, ಎಣಿಸಿದ್ದು ಯಾರಂತೆ ಕೇಳೇ ಅಂದ್ರು. ಕೇಳ್ದೆ. ಗೈಡು ಒಂದ್ನಿಮಿಷ ನಿಂತು, ಈ ಪ್ರಶ್ನೆ ಇದುವರ್ಗೂ ಯಾರೂ ಕೇಳಿಲ್ಲ ಅಂತ ಹೇಳಿ, ನಂತರ ಸ್ಕ್ರಿಪ್ಟ್ ಬಿಟ್ಟು ಮಾತಾಡಿದ್ಲು, ಆಗ ತುಂಬಾ ಚೆನ್ನಾಗಿತ್ತು. 1885ರ ಜನವರಿಲಿ ಲಾಕ್‌ವುಡ್ ಕಾಂಗ್ರೆಸ್ಸಿಗೆ ಅರ್ಜಿ ಕೊಟ್ಟು, ಪೆನ್ಸಿಲ್ವೇನಿಯಾದಲ್ಲಿ ತನಗೆ ಬಿದ್ದ ವೋಟುಗಳನ್ನ ಎಣಿಸದೆ ಕಸದ ಬುಟ್ಟಿಗೆ ಹಾಕಿದಾರೆ ಅಂತ ದೂರಿದ್ಲು. ಏನೂ ಆಗ್ಲಿಲ್ಲ ಅನ್ನೋದು ಬೇರೆ. ಅತ್ತೆ ತಲೆ ಆಡಿಸಿ, ತಿರಸ್ಕೃತ ಮತ ಅಂತ ಒಂದು ಕಟ್ಟು ಪಕ್ಕಕ್ಕೆ ಇಡ್ತಾರಲ್ಲ, ಅದ್ರಲ್ಲೇ ಎಲ್ಲಾ ಇರೋದು, ನನ್ನ ಎಣಿಕೇಲಿ ನಿಮ್ಮ ಮಾವ ಆ ಕಟ್ಟನ್ನ ಮೂರು ಸಲ ಬಿಚ್ಚಿಸಿದ್ರು ಅಂದ್ರು. ಅದು ನನಗೆ ಹೊಸ ವಿಷಯ, ಹಬ್ಬದ ಕಥೇಲಿ ಇದು ಯಾವತ್ತೂ ಬಂದಿರ್ಲಿಲ್ಲ.

ಒಂದು ವಿಷಯ ಟೂರಲ್ಲಿ ಸೇರಿಸ್ಲೇಬೇಕು ಅಂತ ಫೀಡ್‌ಬ್ಯಾಕ್ ಫಾರ್ಮಲ್ಲೂ ಬರೆದಿದೀನಿ. ಆಗಿನ ಕಾಲದಲ್ಲಿ ಸರ್ಕಾರ ಬ್ಯಾಲೆಟ್ ಪೇಪರ್ ಪ್ರಿಂಟ್ ಮಾಡ್ತಿರ್ಲಿಲ್ಲ. ಪಾರ್ಟಿಗಳೇ ತಮ್ಮ ಕ್ಯಾಂಡಿಡೇಟುಗಳ ಹೆಸರಿನ ಚೀಟಿ ಅಚ್ಚು ಹಾಕಿಸಿ ಬೂತ್ ಹತ್ರ ಹಂಚೋದು, ಜನ ಅದನ್ನ ತಗೊಂಡು ಹೋಗಿ ಡಬ್ಬಿಗೆ ಹಾಕೋದು, ಯಾರು ಯಾವ ಚೀಟಿ ಹಿಡ್ಕೊಂಡಿದಾರೆ ಅಂತ ಇಡೀ ಊರಿಗೆ ಕಾಣತ್ತೆ. ಸರ್ಕಾರವೇ ಅಚ್ಚು ಹಾಕಿಸೋ ಗುಟ್ಟಿನ ಮತಪತ್ರ ಅಲ್ಲಿ ಶುರುವಾಗಿದ್ದೇ 1888ರ ಈಚೆ. ಅಂದ್ರೆ ಲಾಕ್‌ವುಡ್ ಪಾರ್ಟಿ ರಾಜ್ಯ ರಾಜ್ಯದಲ್ಲೂ ಎಲೆಕ್ಟರುಗಳ, ಅಂದ್ರೆ ಜನರ ಪರವಾಗಿ ಪ್ರೆಸಿಡೆಂಟನ್ನ ಆರಿಸೋರ ಪಟ್ಟಿ ಮಾಡ್ಬೇಕು, ಚೀಟಿ ಅಚ್ಚು ಹಾಕಿಸ್ಬೇಕು, ಅದನ್ನ ಹಂಚೋಕೆ ಆಳು ಬೇಕು, ಆಮೇಲೆ ಒಬ್ಬ ಗಂಡಸು ಬಂದು ಎಲ್ಲರೆದುರು ಒಬ್ಬ ಹೆಂಗಸಿನ ಚೀಟಿ ತಗೊಂಡು ಡಬ್ಬಿಗೆ ಹಾಕ್ಬೇಕು. ಅಂಥ ನಾಲ್ಕು ಸಾವಿರ ಗಂಡಸರು! ಈ ಲೆಕ್ಕದಲ್ಲಿ ನೋಡಿದ್ರೆ ಅಯ್ಯೋ ಪಾಪ ಅನ್ಸಲ್ಲ.

ಗೈಡು ಪದೇ ಪದೇ ಮೊದಲ ಮಹಿಳಾ ಕ್ಯಾಂಡಿಡೇಟ್ ಅಂತಿದ್ಲು, ಅದಕ್ಕೆ ಗುಂಪಲ್ಲಿದ್ದ ಒಬ್ಬರು, ಮೊದಲನೇಯೋಳು ವಿಕ್ಟೋರಿಯಾ ವುಡ್‌ಹಲ್ ಅಲ್ವಾ ಅಂತ ಎದ್ರು. ಇದು ಹಳೇ ಜಗಳ. ವುಡ್‌ಹಲ್ 1872ರಲ್ಲೇ ನಿಂತಿದ್ಲು ನಿಜ, ಆದ್ರೆ ಅವಳಿಗೆ 35 ತುಂಬಿರ್ಲಿಲ್ಲ, ಎಲೆಕ್ಷನ್ ದಿನ ಜೈಲಲ್ಲಿದ್ಲು, ವೈಸ್ ಪ್ರೆಸಿಡೆಂಟಿಗೆ ಅಂತ ಹೆಸರು ಹಾಕಿದ್ದ ಕಪ್ಪು ಜನಾಂಗದ ನಾಯಕ ಫ್ರೆಡರಿಕ್ ಡಗ್ಲಾಸ್ ಅದನ್ನ ಒಪ್ಕೊಂಡೇ ಇರ್ಲಿಲ್ಲ. ಮೊದಲು ಹೆಸರು ಕೊಟ್ಟೋಳು ವುಡ್‌ಹಲ್, ಪೂರ್ತಿ ಎಲೆಕ್ಷನ್ ಮಾಡಿದ ಮೊದಲನೇಯೋಳು ಲಾಕ್‌ವುಡ್ ಅಂದ್ರೆ ಇಬ್ಬರಿಗೂ ನ್ಯಾಯ. 1888ರಲ್ಲಿ ಲಾಕ್‌ವುಡ್ ಇನ್ನೊಂದ್ಸಲ ನಿಂತ್ಲು, ಅದು ಅಷ್ಟೇನೂ ಸದ್ದು ಮಾಡ್ಲಿಲ್ಲ, ಟೂರಲ್ಲೂ ಒಂದೇ ಸಾಲು.

ನಡುವೆ ಬೆಲ್ಮಾಂಟ್-ಪಾಲ್ ಅನ್ನೋ ಹಳೇ ಇಟ್ಟಿಗೆ ಮನೆ ಮುಂದೆ ಐದು ನಿಮಿಷ ನಿಲ್ಸಿದ್ರು, ಅದು ಹೆಂಗಸರ ವೋಟಿಗೆ ಹೋರಾಡಿದ ಆಲಿಸ್ ಪಾಲ್ ಅವರ ನ್ಯಾಷನಲ್ ವುಮನ್ಸ್ ಪಾರ್ಟಿ ಆಫೀಸಾಗಿದ್ದ ಜಾಗ, 2016ರಲ್ಲಿ ರಾಷ್ಟ್ರೀಯ ಸ್ಮಾರಕ ಆಯ್ತು, ಚೆನ್ನಾಗಿದೆ, ಆದ್ರೆ ಲಾಕ್‌ವುಡ್‌ಗೆ ಸಂಬಂಧ ಇಲ್ಲ, ಪುರುಸೊತ್ತಲ್ಲಿ ಬೇರೆ ದಿನ ಹೋಗಿ.

ಕೊನೇ ಸ್ಟಾಪು ಕಾಂಗ್ರೆಷನಲ್ ಸ್ಮಶಾನ. ಅತ್ತೆಗೆ ಸ್ಮಶಾನ ಅಂತ ಮೊದ್ಲೇ ಹೇಳಿರ್ಲಿಲ್ಲ, ಹೇಳಿದ್ರೆ ಬರ್ತಿರ್ಲಿಲ್ಲ, ಅದು ನನ್ನ ತಪ್ಪು. ಗೇಟ್ ಹತ್ರ ನಿಂತು ಮನೆಗೆ ಹೋಗಿ ತಲೆಗೆ ಸ್ನಾನ ಮಾಡ್ಬೇಕು ಅಂತ ಒಂದ್ಸಲ ಗೊಣಗಿದ್ರು, ಒಳಗೆ ಹೋದ್ಮೇಲೆ ನಾಯಿಗಳನ್ನ ನೋಡಿ ಗೊಣಗೋದು ಮರೆತ್ರು. ಸಮಾಧಿಗಳ ಮಧ್ಯೆ ಚೈನ್ ಇಲ್ಲದೆ ನಾಯಿ ಓಡಾಡ್ತವೆ. 1807ರ ಸ್ಮಶಾನ ಇದು, 1990ರ ದಶಕದಲ್ಲಿ ಕಾಡು ಬೆಳೆದು ಹಾಳು ಬಿದ್ದಿತ್ತಂತೆ, ಅಕ್ಕಪಕ್ಕದ ನಾಯಿ ಸಾಕೋರು ಸೇರ್ಕೊಂಡು ದುಡ್ಡು ಹಾಕಿ ಹುಲ್ಲು ಕುಯ್ಸಿ ಜಾಗ ಉಳಿಸಿದ್ರು, ಈಗ್ಲೂ ವರ್ಷದ ಮೆಂಬರ್‌ಶಿಪ್ ಕಟ್ಟಿದೋರು ನಾಯಿ ಬಿಡಬಹುದು. ಮರ ಚೆನ್ನಾಗಿದಾವೆ, ಎಂಟ್ರಿ ಫ್ರೀ, ಟೂರ್ ಇಲ್ದೆ ನೀವೇ ಹೋಗಬಹುದು. ಎಫ್‌ಬಿಐ ನಡೆಸಿದ ಎಡ್ಗರ್ ಹೂವರ್ ಕೂಡ ಇಲ್ಲೇ ಇದಾರೆ, ಬ್ಯಾಂಡ್ ಸಂಗೀತದ ಸೂಸಾನೂ ಇಲ್ಲೇ.

ಲಾಕ್‌ವುಡ್ ತೀರ್ಕೊಂಡಿದ್ದು 1917ರ ಮೇ ತಿಂಗಳಲ್ಲಿ, 86 ವರ್ಷ. ಹೆಂಗಸರಿಗೆ ದೇಶಪೂರ್ತಿ ವೋಟ್ ಕೊಟ್ಟ ತಿದ್ದುಪಡಿ ಬಂದಿದ್ದು 1920ರಲ್ಲಿ. ಸಮಾಧಿ ಹತ್ರ ಗೈಡು ಈ ಮೂರು ವರ್ಷದ ಲೆಕ್ಕ ಹೇಳಿ ದನಿ ಇಳಿಸಿದ್ಲು, ಎಲ್ಲರೂ ತಲೆ ಬಗ್ಗಿಸಿದ್ರು. ನನಗೆ ಅದಕ್ಕಿಂತ ಇಷ್ಟ ಆಗಿದ್ದು ಅವಳು ಅವಸರದಲ್ಲಿ ಹೇಳಿ ಮುಗಿಸಿದ ಇನ್ನೊಂದು ವಿಷಯ. 1906ರಲ್ಲಿ, 75ನೇ ವಯಸ್ಸಲ್ಲಿ, ಲಾಕ್‌ವುಡ್ ಪೂರ್ವದ ಚೆರೋಕಿ ಅನ್ನೋ ಮೂಲನಿವಾಸಿ ಜನರ ಪರವಾಗಿ ಅಮೆರಿಕ ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಲ್ಲಿ ವಾದ ಮಾಡಿದ್ಲು, ಅವರ ಜಮೀನಿನ ಹಳೇ ಬಾಕಿ, ಬಡ್ಡಿ ಸೇರಿ ಸುಮಾರು 50 ಲಕ್ಷ ಡಾಲರ್ ಕೊಡಿ ಅಂತ ಕೋರ್ಟು ಹೇಳ್ತು. ಯಾವ ಕೋರ್ಟು ಪದ್ಧತಿ ಇಲ್ಲ ಅಂತ ಬಾಗಿಲು ಹಾಕಿತ್ತೋ ಅದೇ ಕೋರ್ಟು. ಟ್ರೈಸಿಕಲ್ಲಿಗೆ ಹತ್ತು ನಿಮಿಷ ಕೊಟ್ಟೋಳು ಇದಕ್ಕೆ ಅರ್ಧ ನಿಮಿಷ ಕೊಟ್ಲು.

ಅತ್ತೆ ಏನ್ ಮಾಡಿದ್ರು ಅಂದ್ರೆ, ಬ್ಯಾಗಿಂದ ನೀರಿನ ಬಾಟ್ಲಿ ತೆಗೆದು, ಅಲ್ಲಿ ಬಂದಿದ್ದ ಒಂದು ಬಿಳಿ ನಾಯಿಗೆ ಮುಚ್ಚಳದಲ್ಲಿ ನೀರು ಕುಡಿಸ್ತಾ ಕೂತ್ರು. ನಾಯಿ ಓನರ್ರು ಥ್ಯಾಂಕ್ಯೂ ಅಂದ್ರು. ವಾಪಸ್ ಬರ್ತಾ ವ್ಯಾನಲ್ಲಿ ಕೇಳಿದ್ರು, ಅವಳ ಮಗಳು ವೋಟ್ ಹಾಕಿದ್ಲಂತಾ ಅಂತ. ಮಗಳು ಲೂರಾ ಅಮ್ಮನ ಆಫೀಸಲ್ಲೇ ಕೆಲಸ ಮಾಡ್ತಿದ್ದೋಳು, ಅಮ್ಮನಿಗಿಂತ ಮುಂಚೇನೇ, 1894ರಲ್ಲಿ ಹೋಗಿಬಿಟ್ಟಿದ್ಲು. ಹೇಳ್ದೆ. ಆಮೇಲೆ ಮನೆ ಬರೋವರ್ಗೂ ಮಾತಾಡ್ಲಿಲ್ಲ.

ಹೋಗೋರಿಗೆ: ಒಳ್ಳೆ ಶೂ ಹಾಕ್ಕೊಳ್ಳಿ, ಸ್ಮಶಾನದಲ್ಲಿ ನೆಲ ಏರುಪೇರು. ಜುಲೈ ಆಗಸ್ಟಲ್ಲಿ ಬೇಡ, ಸೆಕೆ ತಡ್ಯೋಕಾಗಲ್ಲ. ಇಂಗ್ಲಿಷ್ ಅಷ್ಟು ಬರದೇ ಇರೋ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋದಾದ್ರೆ ನೀವೇ ಮೊದ್ಲು ಸ್ವಲ್ಪ ಓದ್ಕೊಂಡು ಹೋಗಿ, ಗೈಡು ಫಾಸ್ಟಾಗಿ ಮಾತಾಡ್ತಾಳೆ. ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಸಂಗ್ರಹದಲ್ಲಿ ಲಾಕ್‌ವುಡ್ ಪೇಂಟಿಂಗ್ ಇದೆ, ಮೊದಲ ಸ್ಟಾಪಿಂದ ಎರಡು ನಿಮಿಷದ ದಾರಿ, ಅಲ್ಲಿಗೆ ಯಾಕೆ ಕರ್ಕೊಂಡು ಹೋಗಲ್ಲ ಅನ್ನೋದು ದೇವರಿಗೇ ಗೊತ್ತು. ಬುಕಿಂಗ್ ಮಾಡುವಾಗ ಪೇಜು ನಿಂತ್ರೆ ಎರಡನೇ ಸಲ ಒತ್ತಬೇಡಿ. ರಿಫಂಡಿಗೆ ಮೂರು ಮೇಲ್ ಹಾಕಿದೀನಿ, ಮೂರಕ್ಕೂ ನಿಮ್ಮ ಮಾತು ನಮಗೆ ಮುಖ್ಯ ಅಂತ ಅದೇ ಉತ್ತರ ಬಂದಿದೆ. ದುಡ್ಡು ಬಂದ ದಿನ ಮೂರೂವರೇನ ನಾಲ್ಕು ಮಾಡ್ತೀನಿ.